ಸ್ಪಾರ್ಕ್ ಪ್ಲಗ್: ಕಾರು ಮತ್ತು ಸಣ್ಣ ಎಂಜಿನುಗಳಿಗೆ ಅದರ ಆಯ್ಕೆ

ಪೆಟ್ರೋಲ್, ಸೀಮೆಎಣ್ಣೆ, ಎಲ್‌ಪಿಜಿ, ಸಿಎನ್‌ಜಿ ಮೊದಲಾದ ಇಂಧನಗಳಿಂದ ನಡೆಯತಕ್ಕ ಅಂತರ್ದಹನ ಎಂಜಿನುಗಳಲ್ಲಿ, ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ ಸಂಕುಚಿತವಾದ ಇಂಧನ ಮತ್ತು ವಾಯುಗಳ ಮಿಶ್ರಣಕ್ಕೆ ತಕ್ಕ ಕ್ಷಣದಲ್ಲಿ ವಿದ್ಯುತ್ ಕಿಡಿಯಿಂದ ಬೆಂಕಿ ತಗುಲಿಸುವ ಸಾಧನವೇ ಸ್ಪಾರ್ಕ್ ಪ್ಲಗ್. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಅತಿಯಾಗಿ ಒತ್ತುವುದರಿಂದ ಹುಟ್ಟುವ ಶಾಖವೇ ಇಂಧನವನ್ನು ಹೊತ್ತಿಸುವುದರಿಂದ ಅಲ್ಲಿ ಇದರ ಅಗತ್ಯವಿಲ್ಲ; ಕೆಲವು ಡೀಸೆಲ್ ವಾಹನಗಳಲ್ಲಿ ಕಾಣುವ ಗ್ಲೋ ಪ್ಲಗ್ಗು ತಣ್ಣಗಿರುವ ಎಂಜಿನನ್ನು ಎಬ್ಬಿಸಲು ನೆರವಾಗುವ ಕಾವುಕಡ್ಡಿಯೇ ಹೊರತು ಕಿಡಿ ಹಾರಿಸತಕ್ಕುದಲ್ಲ. ವರ್ಕ್‌ಷಾಪುಗಳಲ್ಲಿ ಬರಿಯ ಪ್ಲಗ್ ಎಂದರೆ ಸಾಕು, ಇದೇ ಎಂದು ಎಲ್ಲರಿಗೂ ತಿಳಿಯುತ್ತದೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣದಾದ, ಹೊರನೋಟಕ್ಕೆ ಒಂದಕ್ಕೊಂದು ತದ್ರೂಪವಾಗಿ ಕಾಣುವ ಈ ವಸ್ತುಗಳ ನಡುವೆ ಎಷ್ಟು ಭೇದಗಳಿರುವುವೆಂಬುದು ಅಂಗಡಿಯ ಮುಂದೆ ನಿಂತು ‘ಒಂದು ಒಳ್ಳೆಯ ಪ್ಲಗ್ ಕೊಡಿ’ ಎಂದು ಕೇಳಿದವನಿಗೆ ಕೂಡಲೇ ಅರಿವಾಗುತ್ತದೆ; ಏಕೆಂದರೆ ಒಳ್ಳೆಯ ಪ್ಲಗ್ಗೆಂಬುದು ಯಾವುದೂ ಇಲ್ಲ, ಒಂದೊಂದು ಎಂಜಿನಿಗೆ ಹೊಂದುವ ಪ್ಲಗ್ಗೆಂಬುದು ಮಾತ್ರವೇ ಉಂಟು.

ಇದರ ಕೆಲಸದ ಕಾಠಿನ್ಯವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಪ್ರತಿಯೊಂದು ಪ್ಲಗ್ಗೂ ನಿಮಿಷಕ್ಕೆ 1500 ಸಲ, ಅದೇ ವೇಗದ ಎರಡು ಸ್ಟ್ರೋಕಿನ ಎಂಜಿನಿನಲ್ಲಿ 3000 ಸಲ ಕಿಡಿ ಹಾರಿಸಬೇಕು. ಪ್ರತಿ ಸಲವೂ ಹತ್ತು ಸಾವಿರದಿಂದ ಮೂವತ್ತು ಸಾವಿರ ವೋಲ್ಟುಗಳವರೆಗಿನ ವಿದ್ಯುದ್ದಾಬವು ಅದರ ನಡುಗಂಬಿಯ ಮೂಲಕ ಇಳಿಯುತ್ತದೆ. ಪ್ರತಿ ಸಲವೂ ಅದರ ತುದಿಯು ಎರಡು ಸಾವಿರ ಡಿಗ್ರಿಗೂ ಮೀರಿದ ಜ್ವಾಲೆಯಲ್ಲಿ ಮಿಂದು, ಮರುಕ್ಷಣವೇ ಒಳಬರುವ ತಣ್ಣನೆಯ ಮಿಶ್ರಣದಿಂದ ತೊಯ್ಯುತ್ತದೆ. ಇಂಥ ಸ್ಥಾನದಲ್ಲಿದ್ದುಕೊಂಡು ವಿದ್ಯುತ್ತು ಸೋರದಂತೆ, ಅನಿಲವು ನುಸುಳದಂತೆ, ತಾನು ಕರಗದಂತೆ ಸಾವಿರಾರು ಕಿಲೋಮೀಟರು ದುಡಿಯಬಲ್ಲ ವಸ್ತುವನ್ನು ನಿರ್ಮಿಸಲು ಎಂಜಿನಿಯರುಗಳಿಗೆ ಅರ್ಧ ಶತಮಾನಕ್ಕೂ ಮಿಕ್ಕಿ ಕಾಲ ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

1860ರಲ್ಲಿ ಪ್ಯಾರಿಸ್ಸಿನಲ್ಲಿ ಎತಿಯೆನ್ ಲೆನ್ವಾರನು ಪೇಟೆಂಟು ಪಡೆದ ಅನಿಲ ಎಂಜಿನಿನಲ್ಲಿಯೇ ಪ್ರೇರಣ ಸುರುಳಿಯಿಂದ ಕಿಡಿ ಹುಟ್ಟಿಸುವ ಏರ್ಪಾಡು ಇದ್ದಿತು. 1886ರಲ್ಲಿ ಕಾರ್ಲ್ ಬೆಂಜನು ತನ್ನ ಮೂರು ಚಕ್ರದ ವಾಹನಕ್ಕೆ ಬ್ಯಾಟರಿ ಮತ್ತು ಸುರುಳಿಗಳ ಕಿಡಿಯನ್ನೇ ನಂಬಿದರೆ, ಅವನ ಸಮಕಾಲೀನನಾದ ಡೈಮ್ಲರನು ಹೊರಗಿನಿಂದ ಜ್ವಾಲೆಯಲ್ಲಿ ಕಾಯಿಸಿದ ಕೊಳವೆಯೊಂದರಿಂದ ಹೊತ್ತಿಸುವ ಕ್ರಮವನ್ನು ಹಿಡಿದನು. 1898ರಲ್ಲಿ ನಿಕೋಲಾ ಟೆಸ್ಲಾ, ಫ್ರೆಡರಿಕ್ ಸಿಮ್ಸ್ ಮತ್ತು ರಾಬರ್ಟ್ ಬಾಷ್ ಇವರು ವಿದ್ಯುತ್ ದಹನಕ್ಕೆ ಸಂಬಂಧಿಸಿದ ಪೇಟೆಂಟುಗಳನ್ನು ಕೋರಿದರು. ಆದರೂ ಕಾರುಗಳಿಗೆ ನಿಜವಾಗಿ ಒದಗಿಬಂದ ಪ್ಲಗ್ಗು, ಬಾಷನ ಕಾರ್ಖಾನೆಯ ಎಂಜಿನಿಯರನಾದ ಗಾಟ್‌ಲೋಬ್ ಹೊನೊಲ್ಡನು 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಯಂತ್ರದ ಜೊತೆಜೊತೆಗೇ ರೂಪಿಸಿದುದು. ಅದೇ ಕಾಲದ ಅಮೆರಿಕದ ಕಥೆಯಲ್ಲಿ ಒಂದು ಸ್ವಾರಸ್ಯವುಂಟು. 1899ರ ಪ್ಯಾರಿಸ್–ರೂಬೇ ಸೈಕಲ್ ಪಂದ್ಯವನ್ನು ಗೆದ್ದಿದ್ದ ಆಲ್ಬರ್ಟ್ ಚಾಂಪಿಯನ್ ಎಂಬ ಫ್ರೆಂಚನು ಅಟ್ಲಾಂಟಿಕನ್ನು ದಾಟಿ ಬಂದು 1905ರಲ್ಲಿ ಬಾಸ್ಟನ್ನಿನಲ್ಲಿ ತನ್ನ ಹೆಸರಿನ ಕಂಪನಿಯೊಂದನ್ನು ಸ್ಥಾಪಿಸಿ, ಮೂರು ವರ್ಷಗಳಲ್ಲಿ ಪಾಲುಗಾರರಿಂದ ಬೇರೆಯಾಗಿ ಫ್ಲಿಂಟ್ ನಗರವನ್ನು ಸೇರಲು, ‘ಚಾಂಪಿಯನ್’ ಎಂಬ ಹೆಸರು ಹಳೆಯ ಪಾಲುಗಾರರಲ್ಲಿಯೇ ಉಳಿದು, ಆತನಿಗೆ ತನ್ನ ಹೆಸರಿನ ಮೊದಲಕ್ಷರಗಳಾದ ‘ಎಸಿ’ ಎಂಬುದಷ್ಟೇ ದಕ್ಕಿತು. ಹೀಗೆ ಒಬ್ಬನೇ ಮನುಷ್ಯನ ಹೆಸರನ್ನು ಹೊತ್ತ ಎರಡು ಪ್ಲಗ್ಗುಗಳು ಬಹುಕಾಲ ಒಂದರ ಮೇಲೊಂದು ಪೈಪೋಟಿ ನಡೆಸಿದುವು. ಜಪಾನಿನ ನಗೋಯಾದಲ್ಲಿ 1936ರಲ್ಲಿ ಆರಂಭವಾದ ಎನ್‌ಜಿಕೆ ಇಂದು ಜಗತ್ತಿನ ಮುಖ್ಯ ತಯಾರಕರಲ್ಲಿ ಒಂದು.

ಕನ್ನಡಿಗರಿಗೆ ಪ್ಲಗ್ಗೆಂದರೆ ಬಹುಕಾಲದವರೆಗೆ ಮೈಕೊ ಎಂದೇ ಅರ್ಥ. ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಡೀಸೆಲ್ ಪಂಪುಗಳೊಡನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ತಯಾರಿಸಿ ದೇಶದ ಮೂಲೆಮೂಲೆಗೆ ಕಳುಹಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಮೈಕೊ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಹಳೆಯ ಗುರುತು ಉಳಿದುಕೊಂಡಿದೆ.

ಪ್ಲಗ್ಗಿನ ಅಂಗಗಳು ನಾಲ್ಕು: ನಡುವಿನ ವಿದ್ಯುದಗ್ರ, ಅದನ್ನು ಆವರಿಸಿದ ಬಿಳಿಯ ಪಿಂಗಾಣಿಯಂಥ ಅವಾಹಕ, ಅದನ್ನು ಹಿಡಿದಿರುವ, ಮರೆಯುಳ್ಳ (ಎಂದರೆ ಥ್ರೆಡ್ ಇರುವ) ಉಕ್ಕಿನ ಕವಚ, ಕವಚದ ತುದಿಯಿಂದ ಕೊಕ್ಕಿನಂತೆ ಬಾಗಿರುವ ನೆಲದ ವಿದ್ಯುದಗ್ರ. ಮೊದಮೊದಲು ನಿಜವಾದ ಪಿಂಗಾಣಿಯನ್ನೂ ಅಭ್ರಕವನ್ನೂ ಅವಾಹಕವಾಗಿ ಬಳಸುತ್ತಿದ್ದರು. 1930ರ ದಶಕದಿಂದೀಚೆಗೆ ಅಲ್ಯೂಮಿನಿಯಂ ಆಕ್ಸೈಡನ್ನು ಸುಟ್ಟು ಮಾಡಿದ ಗಟ್ಟಿ ಸೆರಾಮಿಕ್ಕು ಅವೆರಡನ್ನೂ ಹಿಂದೂಡಿತು. ಅವಾಹಕದ ಮೇಲ್ಭಾಗದಲ್ಲಿ ಕಾಣುವ ಬಳೆಗಳಂಥ ಉಬ್ಬುಗಳು ಅಲಂಕಾರಕ್ಕಾಗಿ ಇರುವುವಲ್ಲ. ವಿದ್ಯುತ್ತು ಹೊರಮೈಯ ಮೇಲೆ ಹರಿದು ಕವಚಕ್ಕೆ ಹಾರದಂತೆ ದಾರಿಯನ್ನು ಉದ್ದವಾಗಿಸುವುದೇ ಅವುಗಳ ಪ್ರಯೋಜನ.

ಆಯ್ಕೆಯಲ್ಲಿ ಮೊದಲು ನೋಡತಕ್ಕುದು ದೇಹದ ಅಳತೆ. ಮರೆಯ ವ್ಯಾಸವು 10, 12, 14 ಅಥವಾ 18 ಮಿ.ಮೀ. ಇರಬಹುದು, ಕಾರುಗಳಲ್ಲಿಯೂ ತೋಟದ ಯಂತ್ರಗಳಲ್ಲಿಯೂ 14 ಮಿ.ಮೀ. ಬಹುಪ್ರಚಾರದಲ್ಲಿದ್ದರೆ, ಸಣ್ಣ ಮೋಟಾರ್ ಸೈಕಲ್ಲುಗಳಲ್ಲಿ 10 ಮಿ.ಮೀ. ಸಾಮಾನ್ಯ. ವ್ಯಾಸ ತಪ್ಪಿದರೆ ಪ್ಲಗ್ಗು ಕೂರುವುದೇ ಇಲ್ಲವಾದುದರಿಂದ ಆ ತಪ್ಪಿನಿಂದ ಅಪಾಯವಿಲ್ಲ. ಅಪಾಯವಿರುವುದು ಮರೆಯ ಉದ್ದದಲ್ಲಿ. 9.5, 12.7, 19, 26.5 ಮಿ.ಮೀ. ಎಂಬ ಉದ್ದಗಳು ರೂಢಿಯಲ್ಲಿವೆ. ಇವುಗಳಲ್ಲಿ ಯಾವುದಾದರೂ ಒಂದೇ ವ್ಯಾಸದ ರಂಧ್ರದಲ್ಲಿ ಸಲೀಸಾಗಿ ತಿರುಗಿ ಕೂರಬಲ್ಲುದು. ಗಿಡ್ಡನೆಯದನ್ನು ಹಾಕಿದರೆ ಕಿಡಿಯು ಬಾವಿಯೊಳಗಿನ ದೀಪದಂತೆ ಹಿಂದೆಯೇ ಉಳಿಯುವುದಲ್ಲದೆ, ಸಿಲಿಂಡರಿನ ಹೆಡ್ಡಿನ ಬರಿದಾದ ಮರೆಗಳಲ್ಲಿ ಮಸಿ ಗಟ್ಟಿಕಟ್ಟಿ, ಮುಂದೊಂದು ದಿನ ಸರಿಯಾದ ಪ್ಲಗ್ಗು ಒಳಹೊಗದಂತಾಗುತ್ತದೆ. ಉದ್ದನೆಯದನ್ನು ಹಾಕಿದರೆ ಮೇಲೇರಿ ಬರುವ ಪಿಸ್ಟನ್ನೋ ಕವಾಟವೋ ಅದಕ್ಕೆ ಬಡಿದು ಮೊದಲ ಸುತ್ತಿನಲ್ಲಿಯೇ ಎಂಜಿನು ಹಾಳಾಗಬಹುದು. ವಾಷರಿನ ಮೇಲೆ ಕೂರುವ ಚಪ್ಪಟೆ ಪೀಠದ ಪ್ಲಗ್ಗನ್ನೂ ವಾಷರಿಲ್ಲದ ಶಂಕುಪೀಠದ ಪ್ಲಗ್ಗನ್ನೂ ಒಂದರ ಬದಲಿಗೆ ಒಂದನ್ನು ಬಳಸುವುದು ಸಲ್ಲದು. ಪಾನಾ ಹಿಡಿಯುವ ಷಟ್ಕೋನದ ಅಗಲ 20.8 ಮಿ.ಮೀ.ಯೋ 16 ಮಿ.ಮೀ.ಯೋ ಎಂಬುದು ಕೈಯಲ್ಲಿರುವ ಪಾನಾಕ್ಕೂ ಹೆಡ್ಡಿನಲ್ಲಿರುವ ಜಾಗಕ್ಕೂ ಸೇರಿದ ವಿಷಯ.

ದೇಹದ ಅಳತೆಗಳೆಲ್ಲ ಹೊಂದಿದ ಮೇಲೂ ಉಳಿಯುವ ಪ್ರಶ್ನೆಯೇ ಮುಖ್ಯವಾದುದು. ಅದು ಉಷ್ಣಶ್ರೇಣಿಯ ಪ್ರಶ್ನೆ. ‘ಹಾಟ್ ಪ್ಲಗ್’, ‘ಕೋಲ್ಡ್ ಪ್ಲಗ್’ ಎಂಬ ಮಾತುಗಳನ್ನು ಕೇಳಿದವರು ಬಿಸಿ ಪ್ಲಗ್ಗಿನಿಂದ ಬಿಸಿಯಾದ ಕಿಡಿಯೂ ತಣ್ಣನೆಯ ಪ್ಲಗ್ಗಿನಿಂದ ದುರ್ಬಲವಾದ ಕಿಡಿಯೂ ಬರುವುದೆಂದು ಭಾವಿಸುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಈ ವಿಷಯದಲ್ಲಿ ಮತ್ತೊಂದಿಲ್ಲ. ಈ ಹೆಸರುಗಳಿಗೂ ಕಿಡಿಗೂ ಸಂಬಂಧವೇ ಇಲ್ಲ. ದಹನದಿಂದ ಪ್ಲಗ್ಗಿನ ಮೂತಿಗೆ ತಗುಲಿದ ಶಾಖವು ಅವಾಹಕದ ಮೂಲಕ ಕವಚಕ್ಕೂ, ಕವಚದ ಮರೆ ಮತ್ತು ಪೀಠಗಳ ಮೂಲಕ ಹೆಡ್ಡಿಗೂ ಎಷ್ಟು ಬೇಗ ಇಳಿದುಹೋಗುತ್ತದೆಂಬುದನ್ನು ಮಾತ್ರ ಅವು ತಿಳಿಸುತ್ತವೆ. ಅವಾಹಕದ ಮೂತಿ ಉದ್ದವಾಗಿದ್ದರೆ ಶಾಖವು ನಡೆಯಬೇಕಾದ ದಾರಿಯೂ ಉದ್ದವಾಗಿ ತುದಿಯು ಕಾದೇ ಇರುತ್ತದೆ. ಅದು ಬಿಸಿ ಪ್ಲಗ್ಗು. ಮೂತಿ ಗಿಡ್ಡವಾಗಿದ್ದರೆ ಶಾಖವು ಬೇಗನೆ ಹೊರಬಿದ್ದು ತುದಿಯು ತಣಿಯುತ್ತದೆ. ಅದು ತಣ್ಣನೆಯ ಪ್ಲಗ್ಗು.

ತುದಿಯ ಉಷ್ಣತೆ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದರೆ ಅಲ್ಲಿ ಕೂತ ಮಸಿಯು ತಾನಾಗಿಯೇ ಸುಟ್ಟುಹೋಗಿ ಪ್ಲಗ್ಗು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಇದ್ದರೆ ಮಸಿಯು ಪದರಪದರವಾಗಿ ಕೂಡಿ, ವಿದ್ಯುತ್ತು ಕಿಡಿಯಾಗಿ ಹಾರುವ ಬದಲು ಆ ಮಸಿಯ ಮೇಲೆಯೇ ಕವಚಕ್ಕೆ ಸೋರಿಹೋಗಿ ಎಂಜಿನು ‘ಮಿಸ್’ ಹೊಡೆಯುತ್ತದೆ. ಸುಮಾರು 850 ಡಿಗ್ರಿಗಿಂತ ಮೇಲೆ ಹೋದರೆ ಕಿಡಿಗಾಗಿ ಕಾಯದೆ ಕೆಂಡವಾದ ತುದಿಯೇ ಮಿಶ್ರಣವನ್ನು ಹೊತ್ತಿಸುತ್ತದೆ. ಪೂರ್ವಜ್ವಲನವೆಂಬ ಈ ಅನರ್ಥದಿಂದ ಪಿಸ್ಟನ್ನಿನ ತಲೆಯಲ್ಲಿ ತೂತು ಬೀಳುವುದೂ ಉಂಟು. ಆದುದರಿಂದ ಹೆಚ್ಚು ಶಾಖವನ್ನು ಹುಟ್ಟಿಸುವ, ಅಂದರೆ ಒತ್ತಡ ಹೆಚ್ಚಿರುವ, ವೇಗವಾಗಿ ತಿರುಗುವ, ಭಾರ ಹೊತ್ತು ದೂರ ಓಡುವ ಎಂಜಿನಿಗೆ ತಣ್ಣನೆಯ ಪ್ಲಗ್ಗೂ, ಕಡಿಮೆ ಒತ್ತಡದಲ್ಲಿ ನಿಧಾನವಾಗಿ ನಡೆಯುವ ಎಂಜಿನಿಗೆ ಬಿಸಿ ಪ್ಲಗ್ಗೂ ಸಲ್ಲುತ್ತವೆ. ಒಂದು ಶ್ರೇಣಿಯಿಂದ ಮುಂದಿನದಕ್ಕೆ ಸರಿದರೆ ತುದಿಯ ಉಷ್ಣತೆಯಲ್ಲಿ ಸುಮಾರು 70ರಿಂದ 100 ಡಿಗ್ರಿಯ ವ್ಯತ್ಯಾಸ ಬೀಳುವುದರಿಂದ ಒಂದು ಹೆಜ್ಜೆಗಿಂತ ಹೆಚ್ಚು ಸರಿಯುವುದು ವಿವೇಕವಲ್ಲ. ತಪ್ಪುವುದೇ ಆದರೆ ತಣ್ಣನೆಯ ಕಡೆಗೆ ತಪ್ಪುವುದು ಲೇಸು. ಮಸಿ ಹಿಡಿದ ಪ್ಲಗ್ಗು ದಾರಿಯಲ್ಲಿ ಕೈಕೊಟ್ಟೀತು, ಆದರೆ ಅತಿಯಾಗಿ ಕಾದ ಪ್ಲಗ್ಗು ಎಂಜಿನನ್ನೇ ಬಲಿ ತೆಗೆದುಕೊಂಡೀತು.

ಈ ಶ್ರೇಣಿಯನ್ನು ಸೂಚಿಸುವ ಅಂಕಿಗಳ ವಿಷಯದಲ್ಲಿ ತಯಾರಕರು ಒಮ್ಮತಕ್ಕೆ ಬಾರದೆ ಹೋದುದು ಬಳಕೆದಾರನ ದುರ್ದೈವ. ಎನ್‌ಜಿಕೆ ಮತ್ತು ಡೆನ್ಸೊಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ಗು ತಣ್ಣಗಾಗುತ್ತದೆ. ಚಾಂಪಿಯನ್ನಿನಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿಯಾಗುತ್ತದೆ. ಬಾಷಿನದು ಇನ್ನೂ ವಿಚಿತ್ರ: 145, 175, 225 ಎಂಬ ಹಳೆಯ ಮೂರಂಕಿಯ ಕ್ರಮದಲ್ಲಿ ದೊಡ್ಡ ಸಂಖ್ಯೆ ತಣ್ಣನೆಯದಾಗಿದ್ದರೆ, ಆಮೇಲೆ ಬಂದ ಒಂದಂಕಿಯ ಕ್ರಮದಲ್ಲಿ ದೊಡ್ಡ ಸಂಖ್ಯೆಯೇ ಬಿಸಿಯದು. ಎನ್‌ಜಿಕೆಯ 6, ಡೆನ್ಸೊದ 20, ಬಾಷಿನ 7, ಚಾಂಪಿಯನ್ನಿನ 9 ಇವು ಹೆಚ್ಚುಕಡಿಮೆ ಒಂದೇ ಶ್ರೇಣಿಯವೆಂದರೆ ಗೊಂದಲದ ಪ್ರಮಾಣ ಗೊತ್ತಾದೀತು. ಆದಕಾರಣ ಒಂದು ತಯಾರಿಕೆಯ ಅಂಕಿಯನ್ನು ಇನ್ನೊಂದರ ಡಬ್ಬಿಯ ಮೇಲೆ ಹುಡುಕದೆ, ತಯಾರಕರೇ ಅಚ್ಚುಹಾಕಿಸಿರುವ ಸಮಾನತೆಯ ಪಟ್ಟಿಯನ್ನು ನೋಡಬೇಕು. ಸಂಕೇತದ ಉಳಿದ ಅಕ್ಷರಗಳಿಗೂ ಅರ್ಥವುಂಟು. ಎನ್‌ಜಿಕೆಯ ‘ಬಿಪಿಆರ್6ಇಎಸ್’ ಎಂಬುದನ್ನೇ ಬಿಡಿಸಿದರೆ, ‘ಬಿ’ ಎಂದರೆ 14 ಮಿ.ಮೀ. ಮರೆ, ‘ಪಿ’ ಎಂದರೆ ಮುಂದೆ ಚಾಚಿದ ಮೂತಿ, ‘ಆರ್’ ಎಂದರೆ ಒಳಗೆ ಪ್ರತಿರೋಧಕವಿದೆಯೆಂಬ ಸೂಚನೆ, 6 ಎಂಬುದು ಉಷ್ಣಶ್ರೇಣಿ, ‘ಇ’ ಎಂದರೆ 19 ಮಿ.ಮೀ. ಉದ್ದ, ‘ಎಸ್’ ಎಂದರೆ ತಾಮ್ರದ ತಿರುಳುಳ್ಳ ಸಾಮಾನ್ಯ ವಿದ್ಯುದಗ್ರ. ಕೊನೆಯಲ್ಲಿ 11 ಎಂದಿದ್ದರೆ ಅಂತರವು 1.1 ಮಿ.ಮೀ. ಎಂದು ತಿಳಿಯಬೇಕು.

ಪ್ರತಿರೋಧಕವನ್ನು ಅಲಕ್ಷಿಸುವವರೇ ಹೆಚ್ಚು. ಕಿಡಿಯು ಹಾರುವಾಗ ಹುಟ್ಟುವ ರೇಡಿಯೋ ತರಂಗಗಳನ್ನು ಅಡಗಿಸುವುದಕ್ಕಾಗಿ ಸುಮಾರು 5,000 ಓಮಿನ ಪ್ರತಿರೋಧಕವನ್ನು ಪ್ಲಗ್ಗಿನೊಳಗೆ ಹುದುಗಿಸಿರುತ್ತಾರೆ. ಹಿಂದೆ ಕಾರಿನ ರೇಡಿಯೋದಲ್ಲಿ ಗರಗರ ಸದ್ದು ಕೇಳದಿರಲೆಂದು ಬಂದ ಈ ಏರ್ಪಾಡು, ಇಂಧನವನ್ನು ಕಂಪ್ಯೂಟರೇ ಅಳೆದು ಕೊಡುವ ಇಂದಿನ ಎಂಜಿನುಗಳಲ್ಲಿ ಅನಿವಾರ್ಯವೇ ಆಗಿದೆ. ‘ಆರ್’ ಇರಬೇಕಾದ ಕಡೆ ಅದಿಲ್ಲದ ಪ್ಲಗ್ಗನ್ನು ಹಾಕಿ ಆಮೇಲೆ ಕಂಪ್ಯೂಟರನ್ನು ದೂರುವುದು ನ್ಯಾಯವಲ್ಲ.

ಎರಡು ವಿದ್ಯುದಗ್ರಗಳ ನಡುವಿನ ಅಂತರವನ್ನು ಗ್ಯಾಪ್ ಎಂದೇ ಎಲ್ಲರೂ ಕರೆಯುತ್ತಾರೆ. ಅದು ಕಿರಿದಾದರೆ ಕಿಡಿ ಸುಲಭವಾಗಿ ಹಾರುತ್ತದೆ, ಆದರೆ ಸಣ್ಣದಾಗಿ ಹಾರಿ ತೆಳುವಾದ ಮಿಶ್ರಣವನ್ನು ಹೊತ್ತಿಸಲಾರದು; ಹಿರಿದಾದರೆ ಕಿಡಿ ಪುಷ್ಟವಾಗಿರುತ್ತದೆ, ಆದರೆ ಅದಕ್ಕೆ ಬೇಕಾದ ವೋಲ್ಟೇಜು ಸುರುಳಿಯ ಶಕ್ತಿಗೆ ಮೀರಬಹುದು. ಸುರುಳಿಯ ವಿದ್ಯುತ್ತನ್ನು ಕಡಿಯುವ ಪಾಯಿಂಟುಗಳಿದ್ದ ಹಳೆಯ ಕಾರುಗಳಲ್ಲಿ 0.6ರಿಂದ 0.7 ಮಿ.ಮೀ. ರೂಢಿಯಲ್ಲಿದ್ದು, ಎಲೆಕ್ಟ್ರಾನಿಕ್ ದಹನ ಬಂದ ಮೇಲೆ 1.0, 1.1 ಮಿ.ಮೀ.ಗಳವರೆಗೆ ಏರಿತು. ಬೈಲಿನಲ್ಲಿ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಡಿ ಕಂಡೊಡನೆ ‘ಪ್ಲಗ್ ಚೆನ್ನಾಗಿದೆ’ ಎಂದು ತೀರ್ಪು ಕೊಡುವ ಮೆಕ್ಯಾನಿಕ್ಕನು ಒಂದನ್ನು ಮರೆಯುತ್ತಾನೆ: ಒತ್ತಡದೊಳಗಿನ ಅನಿಲವನ್ನು ಭೇದಿಸಲು ಬೇಕಾಗುವ ವೋಲ್ಟೇಜು ಬಯಲುಗಾಳಿಗೆ ಬೇಕಾಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ಸಿಎನ್‌ಜಿ, ಎಲ್‌ಪಿಜಿಗಳಿಗೆ ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜು ಬೇಕಾಗುವುದರಿಂದ, ಅಂಥ ಕಿಟ್ ಜೋಡಿಸಿದ ವಾಹನಗಳಲ್ಲಿ ಗ್ಯಾಪನ್ನು ತುಸು ಕಿರಿದುಮಾಡುವುದೂ ಒಂದು ಹೆಜ್ಜೆ ತಣ್ಣನೆಯ ಪ್ಲಗ್ಗನ್ನು ಹಾಕುವುದೂ ಉಂಟು.

ಲೋಹಗಳ ವಿಷಯದಲ್ಲಿ ಜಾಹೀರಾತುಗಳ ಮಾತೇ ಹೆಚ್ಚು. ನಿಕ್ಕಲ್ಲಿನ ಮಿಶ್ರಲೋಹದ ಸಾಮಾನ್ಯ ಪ್ಲಗ್ಗು ಕಾರಿನಲ್ಲಿ 20,000ದಿಂದ 30,000 ಕಿ.ಮೀ.ವರೆಗೆ ಬಾಳಿದರೆ, ಪ್ಲಾಟಿನಂ ಮತ್ತು ಇರಿಡಿಯಂ ತುದಿಯವು ಒಂದು ಲಕ್ಷ ಕಿ.ಮೀ.ವರೆಗೂ ಬಾಳುವುವು. ನಿಕ್ಕಲ್ 1455 ಡಿಗ್ರಿಗೂ, ಪ್ಲಾಟಿನಂ 1768 ಡಿಗ್ರಿಗೂ ಕರಗಿದರೆ, ಇರಿಡಿಯಂ ಕರಗಲು 2446 ಡಿಗ್ರಿ ಬೇಕು. ಆದುದರಿಂದಲೇ ಅದರ ತುದಿಯನ್ನು 0.4 ಮಿ.ಮೀ. ವ್ಯಾಸದಷ್ಟು ಸಣ್ಣದಾಗಿ ಮಾಡಬಹುದು, ಮೊನೆ ಸಣ್ಣದಾದಷ್ಟೂ ಕಡಿಮೆ ವೋಲ್ಟೇಜಿನಲ್ಲಿಯೇ ಕಿಡಿ ಹಾರುತ್ತದೆ. ಕಾರಿನ ತಯಾರಕನು ಇರಿಡಿಯಂ ಎಂದು ನಿಗದಿಮಾಡಿದ್ದರೆ ಅದನ್ನೇ ಹಾಕತಕ್ಕದ್ದು. ಆದರೆ ಸಾಮಾನ್ಯ ಪ್ಲಗ್ಗಿಗಾಗಿ ರಚಿತವಾದ ಎಂಜಿನಿನಲ್ಲಿ ಅದರಿಂದ ಅಶ್ವಶಕ್ತಿ ಹೆಚ್ಚುವುದೆಂಬ, ಮೈಲೇಜು ಏರುವುದೆಂಬ ಮಾತನ್ನು ನಂಬಬೇಕಾಗಿಲ್ಲ, ಹೆಚ್ಚುವುದು ಬಾಳಿಕೆಯೊಂದೇ. ಒಂದೇ ಸಿಲಿಂಡರಿಗೆ ಎರಡು ಪ್ಲಗ್ಗುಗಳನ್ನು ಕೂರಿಸಿ ದಹನವನ್ನು ಚುರುಕುಗೊಳಿಸಿದ ಬಜಾಜ್ ಪಲ್ಸರಿನ 2003ರ ಏರ್ಪಾಡು ನಮ್ಮ ರಸ್ತೆಗಳಲ್ಲಿ ಎಲ್ಲರಿಗೂ ಪರಿಚಿತ. ಅಂಥ ವಾಹನದಲ್ಲಿ ಎರಡನ್ನೂ ಒಟ್ಟಿಗೇ ಬದಲಾಯಿಸುವುದು ಯುಕ್ತ.

ಸಣ್ಣ ಎಂಜಿನುಗಳ ಲೋಕ ಬೇರೆಯದು. ಮಲೆನಾಡಿನ ಅಡಕೆತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಪಂಪು, ಕಾಫಿತೋಟದ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಮದುವೆಮನೆಯ ಹಿತ್ತಲಿನ ಜನರೇಟರು ಇವೆಲ್ಲ ಒಂದೇ ಸಿಲಿಂಡರಿನವು, ಬಹುಮಟ್ಟಿಗೆ ಗಾಳಿಯಿಂದಲೇ ತಣಿಯುವುವು. ಇವುಗಳಲ್ಲಿ ಎರಡು ಸ್ಟ್ರೋಕಿನವಕ್ಕೆ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಿ ಕುಡಿಸುವುದರಿಂದ ಅವುಗಳ ಪ್ಲಗ್ಗು ಬೇಗ ಜಿಡ್ಡುಗಟ್ಟುತ್ತದೆ. ಹಾಗೆ ಜಿಡ್ಡುಗಟ್ಟಿತೆಂದು ಬಿಸಿ ಪ್ಲಗ್ಗಿಗೆ ಹೋಗುವ ಮೊದಲು ಎಣ್ಣೆಯ ಪ್ರಮಾಣವನ್ನೂ ಗಾಳಿಯ ಫಿಲ್ಟರನ್ನೂ ಪರೀಕ್ಷಿಸುವುದು ಬುದ್ಧಿವಂತಿಕೆ. ‘ಒಂದು ಮುಚ್ಚಳ ಜಾಸ್ತಿಯೇ ಇರಲಿ’ ಎಂದು ಎಣ್ಣೆ ಸುರಿಯುವ ಆಳಿನ ಉದಾರತೆಯೇ ಅರ್ಧಪಾಲು ಪ್ಲಗ್ಗುಗಳ ಮರಣಕ್ಕೆ ಕಾರಣವೆಂದು ನನಗೆ ಅನೇಕ ಸಲ ತೋರಿದೆ. ಸ್ಟಿಲ್ ಕಂಪನಿಯ ಅನೇಕ ಗರಗಸಗಳಿಗೆ ಎನ್‌ಜಿಕೆಯ ‘ಬಿಪಿಎಂಆರ್7ಎ’ ಅಥವಾ ಬಾಷಿನ ‘ಡಬ್ಲ್ಯೂಎಸ್‌ಆರ್6ಎಫ್’ ಎಂಬ 9.5 ಮಿ.ಮೀ. ಉದ್ದದ ಗಿಡ್ಡ ಪ್ಲಗ್ಗು, 0.5 ಮಿ.ಮೀ. ಗ್ಯಾಪಿನೊಡನೆ, ನಿಗದಿಯಾಗಿದೆ. ಹೊಂಡಾದ ಜಿಎಕ್ಸ್ 160, 200 ಎಂಬ ನಾಲ್ಕು ಸ್ಟ್ರೋಕಿನ ಎಂಜಿನುಗಳಿಗೆ ಮೇಲೆ ಬಿಡಿಸಿ ಹೇಳಿದ ‘ಬಿಪಿಆರ್6ಇಎಸ್’, 0.7ರಿಂದ 0.8 ಮಿ.ಮೀ. ಗ್ಯಾಪು. ಬ್ರಿಗ್ಸ್ ಅಂಡ್ ಸ್ಟ್ರಾಟನ್ನಿನ ಪಕ್ಕಕವಾಟದ ಹುಲ್ಲುಕತ್ತರಿ ಎಂಜಿನುಗಳಿಗೆ ಚಾಂಪಿಯನ್ನಿನ ‘ಆರ್‌ಜೆ19ಎಲ್‌ಎಂ’, 0.76 ಮಿ.ಮೀ. ಗ್ಯಾಪು. ಗರಗಸದ್ದೂ ಹೊಂಡಾದ್ದೂ ಒಂದೇ 14 ಮಿ.ಮೀ. ಮರೆಯವಾದರೂ ಉದ್ದದಲ್ಲಿ ಹೊಂಡಾದ್ದು ಗರಗಸದ್ದರ ಇಮ್ಮಡಿ. ಹೊಂಡಾ ಎಂಜಿನಿನ ಪಂಪಿನ ಪ್ಲಗ್ಗನ್ನು ಬಿಚ್ಚಿ ಗರಗಸಕ್ಕೆ ಹಾಕುವ ಆತುರಕ್ಕೆ ಇದೇ ಉತ್ತರ. ಇಂಥ ಯಂತ್ರಗಳಿಗೆ ದುಬಾರಿ ಇರಿಡಿಯಂ ವ್ಯರ್ಥ. ನೂರು ಗಂಟೆಗೊಮ್ಮೆಯೋ ವರ್ಷಕ್ಕೊಮ್ಮೆಯೋ ಸಾಮಾನ್ಯ ಪ್ಲಗ್ಗನ್ನು ಬದಲಾಯಿಸಿದರೆ ಸಾಕು.

ಆಯ್ಕೆ ಸರಿಯೋ ತಪ್ಪೋ ಎಂಬುದನ್ನು ಪ್ಲಗ್ಗಿನ ಮುಖವೇ ಹೇಳುತ್ತದೆ. ಕೆಲಸ ಮಾಡಿದ ಎಂಜಿನಿನಿಂದ ಬಿಚ್ಚಿದಾಗ ಮೂತಿಯು ತಿಳಿಯಾದ ಕಂದು ಅಥವಾ ಬೂದುಬಣ್ಣಕ್ಕೆ ತಿರುಗಿದ್ದರೆ ಎಲ್ಲವೂ ಕ್ಷೇಮ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಪ್ಲಗ್ಗು ಅತಿ ತಣ್ಣನೆಯದು. ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಎಣ್ಣೆಯ ಹಸಿ ಕಪ್ಪು ಕಂಡರೆ ರಿಂಗುಗಳೋ ಕವಾಟದ ಸೀಲುಗಳೋ ಸವೆದಿವೆ. ಯಾವ ಪ್ಲಗ್ಗೂ ಅದನ್ನು ವಾಸಿಮಾಡಲಾರದು. ಮೂತಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಯೆದ್ದಿದ್ದರೆ ಅತಿಶಾಖವೆಂದು ತಿಳಿದು ಕೂಡಲೇ ಎಚ್ಚರಗೊಳ್ಳಬೇಕು. ದೇಶದಲ್ಲಿ ಸೀಸಬೆರೆತ ಪೆಟ್ರೋಲು 2000ದ ಫೆಬ್ರವರಿಯಲ್ಲಿ ನಿಂತುಹೋದ ಮೇಲೆ ಹಿಂದಿನ ಕಾಲದ ಸೀಸದ ಹೊರೆ ಪ್ಲಗ್ಗುಗಳ ಮೇಲೆ ಬೀಳುತ್ತಿಲ್ಲ. ಮಸಿ ಹಿಡಿದುದನ್ನು ಮರಳುಕಾಗದದಿಂದ ಉಜ್ಜಿ ಮತ್ತೆ ಹಾಕುವ ಅಭ್ಯಾಸಕ್ಕೆ ಬಡತನದ ಕಾಲದಲ್ಲಿ ಅರ್ಥವಿದ್ದಿತು. ಆದರೆ ಉಜ್ಜಿದ ಅವಾಹಕದ ನುಣುಪು ಹೋಗಿ ಮಸಿ ಇನ್ನೂ ಬೇಗ ಕೂರುತ್ತದೆ, ಮೂಲೆಯಲ್ಲಿ ಉಳಿದ ಮರಳಿನ ಕಣ ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ಇರಿಡಿಯಂ ತುದಿಗಂತೂ ತಂತಿಬ್ರಷ್ಷನ್ನೂ ಗ್ಯಾಪ್ ಅಳೆಯುವ ನಾಣ್ಯದಂಥ ಗೇಜನ್ನೂ ಸೋಕಿಸಲೇಬಾರದು.

ಮಾರುಕಟ್ಟೆಯಲ್ಲಿ ಹೆಸರಾಂತ ಡಬ್ಬಿಗಳೊಳಗೆ ನಕಲಿ ಪ್ಲಗ್ಗುಗಳೂ ಸೇರಿಕೊಂಡಿರುವುದರಿಂದ ಕೊಳ್ಳುವಾಗ ಅವಾಹಕದ ಮೇಲಿನ ಅಚ್ಚು, ಮರೆಯ ನಯ, ನೆಲದ ವಿದ್ಯುದಗ್ರವು ನಡುವಿನದಕ್ಕೆ ನೇರವಾಗಿ ಬಾಗಿರುವುದೇ ಎಂಬುದನ್ನು ನೋಡಿಕೊಳ್ಳಬೇಕು. ಅಂಗಡಿಗೆ ಹೋಗುವಾಗ ಬಾಯಿಲೆಕ್ಕದ ಬದಲು ವಾಹನದ ಕೈಪಿಡಿಯಲ್ಲಿರುವ ಪೂರ್ಣ ಸಂಕೇತವನ್ನು ಬರೆದುಕೊಂಡು ಹೋಗುವುದು ಮೇಲು. ಹಳೆಯ ಪ್ಲಗ್ಗನ್ನೇ ಮಾದರಿಯಾಗಿ ಒಯ್ಯುವುದರಲ್ಲಿ ಒಂದು ತೊಡಕುಂಟು: ಅದನ್ನು ಹಿಂದೆ ಹಾಕಿದವನು ಸರಿಯಾದುದನ್ನೇ ಹಾಕಿದ್ದನೆಂಬ ಭರವಸೆಯಿಲ್ಲ.

ಕೂರಿಸುವ ಕೆಲಸವನ್ನು ಎಂಜಿನು ತಣ್ಣಗಿರುವಾಗಲೇ ಮಾಡಬೇಕು. ಬಿಸಿಯಾದ ಅಲ್ಯೂಮಿನಿಯಂ ಹೆಡ್ಡಿನ ಮರೆಗಳು ಬೇಗ ಕಿತ್ತುಬರುತ್ತವೆ. ಸುತ್ತಲಿನ ಧೂಳನ್ನು ಊದಿ, ಮೊದಲು ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಿ, ಆಮೇಲೆ ಪಾನಾ ಹಿಡಿಯತಕ್ಕದ್ದು. ಹೊಸ ವಾಷರಿನ 14 ಮಿ.ಮೀ. ಪ್ಲಗ್ಗಿಗೆ ಬೆರಳಿನ ಬಿಗಿಯ ಮೇಲೆ ಅರ್ಧ ಸುತ್ತು, ಶಂಕುಪೀಠದ್ದಕ್ಕೆ ಹದಿನಾರನೆಯ ಒಂದು ಸುತ್ತು ಸಾಕು. ಅಲ್ಯೂಮಿನಿಯಂ ಹೆಡ್ಡಿನ ಮರೆ ಒಮ್ಮೆ ಕಿತ್ತುಹೋದರೆ, ನೂರರ ಲೆಕ್ಕದ ಪ್ಲಗ್ಗಿಗಾಗಿ ಸಾವಿರಗಳ ಲೆಕ್ಕದ ಹೆಡ್ಡನ್ನು ಬಿಚ್ಚಿ ಲೇತಿನವನ ಬಳಿಗೆ ಒಯ್ಯಬೇಕಾಗುತ್ತದೆ.